ತಿರುವಲ್ಲಿಕ್ಕೇಣಿಯೋ ಚಿಂತಾದ್ರಿಪೇಟೆಯೋ

ವಿಕಾರಿ ಸಂವತ್ಸರದ ಮಾರ್ಗಶಿರ ಬಹುಳ ಪಂಚಮಿಯ ಬೆಳಿಗ್ಗೆ ಕುರುಗೋಡಿನ ನನ್ನ ಮನೆಗೆ ಒಂದು ಕಾರ್ಡು ಬಂತು. ಅದರ ಮೂಲೆ ಹರಿದಿತ್ತು. ಸಾವಿನ ಸುದ್ದಿ ಬರೆಯುವವರು ಮೂಲೆ ಹರಿದು ಕಳಿಸುವುದು ನಮ್ಮಲ್ಲಿ ರೂಢಿ.

ಟಪಾಲಿನ ಹೊನ್ನೂರಪ್ಪ ಅದನ್ನು ಕೈಗೆ ಕೊಡಲಿಲ್ಲ. ಹೊಸ್ತಿಲಿನ ಆಚೆ ಜಗುಲಿಯ ಮೇಲಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತ.

“ನಿಂತಗೊಂಡು ಓದಬ್ಯಾಡ್ರಿ ಮೇಷ್ಟ್ರ. ಕುಂದರ್ರಿ.”

ನಾನು ಕೂತು ಓದಿದೆ. ‘ನನ್ನ ತಂಗಿ ತುಂಗಾಬಾಯಿ ಪಾಡ್ಯದ ದಿನ ಬೆಳಗಿನ ಜಾವ ಹರಿಪಾದ ಸೇರಿದಳು. ನಾಲ್ಕು ದಿನದ ಜ್ವರ. ತಮಗೆ ತಿಳಿಸಬೇಕೆನಿಸಿತು. ಒಮ್ಮೆ ಬಂದುಹೋದರೆ ಸಮಾಧಾನ. ಇಂತು, ಸಿರುಗುಪ್ಪದ ಗುರುರಾಜ.’

ಕಾರ್ಡನ್ನು ಹರಿದು ಹೊರಗೇ ಬಿಟ್ಟು, ಹಿತ್ತಿಲ ಬಾವಿಗೆ ಹೋಗಿ, ಉಟ್ಟ ಪಂಚೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡೆ. ಪಕ್ಕದ ಮನೆಯ ತುಳಸಮ್ಮ ಗೋಡೆಯ ಮೇಲಿನಿಂದ ಇಣುಕಿ ನೋಡಿದರು.

“ಈಗಷ್ಟ ಸ್ನಾನ ಸಂಧ್ಯಾ ಮುಗಿಸಿದ್ರಲ್ಲ, ಮತ್ಯಾಕ ನೀರು ಹಾಕ್ಕೊಳ್ಳಾಕ ಹತ್ತೀರಿ? ಯಾರು ಹೋದ್ರು?”

“ಸಿರುಗುಪ್ಪದಾಗ ಒಬ್ರು.”

“ನಿಮಗೇನಾಗಬೇಕು?”

“ಏನೂ ಆಗಬೇಕಿಲ್ಲ.”

“ಹಂಗಾದ್ರ ಸೂತಕ ಇಲ್ಲ ಬಿಡ್ರಿ. ಥಂಡಿ ದಿವಸ. ಸುಮ್ಮನ ಜ್ವರ ತಂದ್ಕೋಬ್ಯಾಡ್ರಿ.”

ಅವರು ಹೇಳಿದ್ದು ಸರಿ. ನನ್ನ ಗೋತ್ರ ಬೇರೆ, ಆಕೆಯ ಗೋತ್ರ ಬೇರೆ. ಆಕೆಗಾಗಿ ಒಂದು ತಂಬಿಗೆ ನೀರು ಸುರಿದುಕೊಳ್ಳುವ ಅಧಿಕಾರವೂ ಶಾಸ್ತ್ರದಲ್ಲಿ ನನಗಿಲ್ಲ. ಆದರೂ ಎರಡನೆಯ ಕೊಡ ಸೇದಿದೆ. ನೀರು ಸುರಿಯುವಾಗ ಮುಖ ಒದ್ದೆಯಾಗಿರುತ್ತದೆ; ಆಗ ಯಾರೂ ಏನೂ ಕೇಳುವುದಿಲ್ಲ.

ನನಗೀಗ ಅರವತ್ತೊಂದು ವರ್ಷ. ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

*

ಹದಿನೇಳು ವರ್ಷದ ಹಿಂದೆ, ಚಿತ್ರಭಾನು ಸಂವತ್ಸರದಲ್ಲಿ, ನಾನು ಸಿರುಗುಪ್ಪದ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಹೆಸರು ಹನುಮೇಶ. ಹೆಂಡತಿ ತೀರಿಕೊಂಡು ಐದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮೂರು ಹೊತ್ತು ಸಂಧ್ಯಾವಂದನೆ, ಒಂದು ಹೊತ್ತು ಕೈಅಡಿಗೆ. ಏಕಾದಶಿ ಯಾವತ್ತು, ಸೂತಕ ಎಷ್ಟು ದಿನ ಎಂದು ಊರಿನವರು ನನ್ನನ್ನು ಕೇಳಿಕೊಂಡು ಹೋಗುತ್ತಿದ್ದರು.

ಗುರುರಾಜರಾಯರು ಅದೇ ಊರಿನ ಗೃಹಸ್ಥರು. ಅವರ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ಗಂಡಸೋ ಹೆಂಗಸೋ ಎಂದು ದನಿಯಿಂದಲೇ ತಿಳಿಯಬೇಕಾಗಿತ್ತು. ತಮಿಳು ಸೀಮೆಯ ಸಮುದ್ರದಂಡೆಯ ಚೆನ್ನಪಟ್ಟಣದ ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ತೆಗೆಯುತ್ತಾರೆ, ಒಂದೆರಡು ತಿಂಗಳು ಅಲ್ಲೇ ಇರಬೇಕಾಗುತ್ತದೆ ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದರು. ನಾನು ಒಂದು ವರ್ಷ ಆ ಪಟ್ಟಣದಲ್ಲಿ ಓದಿದವನು. ಅದಕ್ಕೆ ರಾಯರು ನನ್ನನ್ನು ಕರೆಸಿದರು.

“ಅಷ್ಟ ದೊಡ್ಡ ಊರಾಗ ನಾವು ಯಾವ ಪ್ಯಾಟ್ಯಾಗ ಇಳೀಬೇಕ್ರಿ ಮೇಷ್ಟ್ರ? ಹೆಂಡತಿ ಬಾಣಂತಿ, ಬರಾಕ ಆಗಂಗಿಲ್ಲ. ಅಡಿಗಿಗೆ ತಂಗಿ ತುಂಗಾ ಬರತಾಳ. ಮಡಿಗೆ ಅನುಕೂಲ ಇರಬೇಕು.”

“ಎಲ್ಲಿ ಇಳಿದರೇನ್ರಿ ರಾಯರ, ಎಲ್ಲಾ ಒಂದ,” ಎಂದುಬಿಟ್ಟೆ.

ಒಳಬಾಗಿಲಿನ ಹಿಂದಿನಿಂದ ದನಿ ಬಂತು. ಬಳೆಯ ಸದ್ದು ಬರಲಿಲ್ಲ, ಬರೀ ದನಿ.

“ನೀರು ಸೇದೋರು ನೀವಲ್ಲ. ಅದಕ್ಕ ಎಲ್ಲಾ ಒಂದ ಅನಸತೈತಿ.”

“ತುಂಗಾ, ಸುಮ್ಮನಿರು,” ಎಂದರು ರಾಯರು.

“ಸುಮ್ಮನ ಅದೀನಿ ಅಣ್ಣಾ. ಆ ಊರ ಬಾವಿ ಉಪ್ಪೋ ಸಿಹಿಯೋ ಅಷ್ಟ ಕೇಳಿ ಸುಮ್ಮನ ಆಗತೀನಿ.”

ನನಗೆ ಗೊತ್ತಿರಲಿಲ್ಲ. ಒಂದು ವರ್ಷ ಆ ನೀರು ಕುಡಿದಿದ್ದೆ. ಯಾವ ಬಾವಿಯದು, ಯಾರು ಸೇದಿದ್ದು ಎಂದು ಒಂದು ದಿನವೂ ಕೇಳಿರಲಿಲ್ಲ. ಪಟ್ಟಣದ ಪರಿಚಯದವರೊಬ್ಬರಿಗೆ ಕಾಗದ ಬರೆದು ಕೇಳುತ್ತೇನೆ ಎಂದು ಎದ್ದು ಬಂದೆ.

ಹತ್ತು ದಿನಕ್ಕೆ ಉತ್ತರ ಬಂತು. ತಿರುವಲ್ಲಿಕ್ಕೇಣಿಯ ಬಾವಿ ತುಸು ಉಪ್ಪು, ಚಿಂತಾದ್ರಿಪೇಟೆಯದು ಸಿಹಿ. ಅದನ್ನು ಹೇಳಲು ಹೋದರೆ ಬಾಗಿಲಿನ ಹಿಂದೆ ಇನ್ನೊಂದು ಪ್ರಶ್ನೆ ಸಿದ್ಧವಾಗಿತ್ತು. ಅಲ್ಲಿ ಸೌದೆ ಯಾವ ಮರದ್ದು? ಮತ್ತೆ ಕಾಗದ, ಮತ್ತೆ ಹತ್ತು ದಿನ. ಮೂರನೆಯ ಸಲ ಹೋಗುವಾಗ ನಾನು ಹೊಸ ಪಂಚೆ ಉಟ್ಟಿದ್ದೆನೆಂದು ಈಗ ನಾಚಿಕೆ ಇಲ್ಲದೆ ಬರೆಯುತ್ತೇನೆ.

ತುಂಗಾಬಾಯಿಗೆ ಎಂಟನೆಯ ವರ್ಷಕ್ಕೆ ಮದುವೆಯಾಗಿತ್ತು. ಹನ್ನೊಂದಕ್ಕೆ ಗಂಡ ತೀರಿಹೋದ. ಆತನ ಮುಖವೇ ನೆನಪಿಲ್ಲ ಎಂದು ಆಕೆ ಒಮ್ಮೆ ಹೇಳಿದ್ದುಂಟು. ತಾಯಿ ಬದುಕಿರುವವರೆಗೆ ಮಗಳ ತಲೆಗೆ ಕತ್ತಿ ಸೋಕಲು ಬಿಟ್ಟಿರಲಿಲ್ಲ. ಈಗ ತಾಯಿ ಇರಲಿಲ್ಲ. ಆಕೆಗೆ ಮೂವತ್ತು ವರ್ಷ.

*

ಸ್ಕೂಲಿನಿಂದ ಒಂದು ಸ್ಲೇಟು ತಂದು ಅದರ ಮೇಲೆ ಚೆನ್ನಪಟ್ಟಣವನ್ನು ಬರೆದೆ. ಬಲಗಡೆ ಸಮುದ್ರ. ಕೆಳಗೆ ಮೈಲಾಪುರ, ದೊಡ್ಡ ಕೊಳ, ವಕೀಲರ ಮನೆಗಳು. ಮೇಲೆ ಕೋಟೆ, ಅದರ ಆಚೆ ಹಡಗಿನ ಸರಕಿನ ವ್ಯಾಪಾರಸ್ಥರ ಗಿಜಿಗಿಜಿ ಪೇಟೆ. ಸಮುದ್ರದ ಹತ್ತಿರ ತಿರುವಲ್ಲಿಕ್ಕೇಣಿ. ಒಳಗೆ, ಕೂವಂ ಹೊಳೆ ಬಳಸಿಕೊಂಡು ಹೋಗುವ ಕಡೆ, ನೇಯ್ಗೆಯವರ ಓಣಿಗಳ ಚಿಂತಾದ್ರಿಪೇಟೆ. ಅಲ್ಲಿಂದ ಆಸ್ಪತ್ರೆ ಹತ್ತಿರ.

ಹೊಸ್ತಿಲಿನ ಮೇಲೆ ಸ್ಲೇಟು ಇಟ್ಟು ಸರಿದು ಕೂತೆ. ಒಂದು ಕೈ ಬಂದು ಅದನ್ನು ಒಳಗೆ ಎಳೆದುಕೊಂಡಿತು. ಬೆರಳುಗಳಿಗೆ ಅರಿಸಿನದ ಬಣ್ಣವಿರಲಿಲ್ಲ, ಒಲೆಯ ಬೂದಿ ಹತ್ತಿತ್ತು.

“ಈ ಮೈಲಾಪುರ ಬ್ಯಾಡ್ರಿ. ಆಸ್ಪತ್ರಿಗೆ ಹೋಗೋದ್ರಾಗ ಅಣ್ಣನ ಕಣ್ಣು ತಾನಾಗೇ ವಾಸಿ ಆಗಿರತೈತಿ.”

ರಾಯರು ನಕ್ಕರು.

“ತಿರುವಲ್ಲಿಕ್ಕೇಣ್ಯಾಗ ಯಾವ ದೇವರು?”

“ಪಾರ್ಥಸಾರಥಿ. ಆ ಕೃಷ್ಣಗ ಮೀಸಿ ಅದಾವು.”

“ಮೀಸಿ?” ಬಾಗಿಲು ಒಂದು ಬೆರಳಿನಷ್ಟು ಸರಿಯಿತು. “ಕೃಷ್ಣಗ ಮೀಸಿ? ಮೇಷ್ಟ್ರು ಹುಡುಗರಿಗೂ ಇಂಥಾವ ಕಲಸತಾರೇನು?”

“ಆಣಿ ಮಾಡಿ ಹೇಳತೀನಿ.”

“ಆಣಿ ಮಾಡಬ್ಯಾಡ್ರಿ. ನೋಡಿ ಬಂದು ಹೇಳತೀನಿ, ಮೀಸಿ ಕೃಷ್ಣಂದು ಚಂದೋ, ನಿಮ್ಮದು ಚಂದೋ ಅಂತ.”

ಒಳಗಿನಿಂದ ಬಾಣಂತಿ ವಿಜಯಾಬಾಯಿ ಕೂಗಿದರು: “ಯಾವುದೋ ಒಂದು ಆರಿಸ್ರಿ ಮಾರಾಯ್ರ! ಆ ಊರಿನ ಓಣಿ ಕೇಳಿ ಕೇಳಿ ನನ್ನ ಕೂಸಿಗೂ ದಾರಿ ಗೊತ್ತಾಗೈತಿ!”

ಸ್ಲೇಟು ಹೊರಗೆ ಬಂದಾಗ, ಎರಡೂ ಪೇಟೆಗಳಲ್ಲಿ ಆಕೆ ಒಂದೊಂದು ಪುಟ್ಟ ತುಳಸಿಕಟ್ಟೆ ಬರೆದಿದ್ದಳು. ಚಿಂತಾದ್ರಿಪೇಟೆಯ ಕಟ್ಟೆಯ ಮುಂದೆ ಎರಡು ಮಣೆ.

ಆ ಎರಡನೆಯ ಮಣೆ ಯಾರದು ಎಂದು ನಾನು ಕೇಳಲಿಲ್ಲ. ಮನೆಗೆ ಹೋದ ಮೇಲೂ ಸ್ಲೇಟನ್ನು ಒರೆಸಲಿಲ್ಲ. ಮರುದಿನ ಹುಡುಗರಿಗೆ ಬೇರೆ ಸ್ಲೇಟಿನಲ್ಲಿ ಪಾಠ ಹೇಳಿದೆ.

*

ಚೈತ್ರ ಮುಗಿಯುತ್ತ ಬಂದಾಗ ರಾಯರು ಹೊರಡುವ ದಿನ ಗೊತ್ತುಮಾಡಿದರು. ಮಾತಿನ ನಡುವೆ, ತೀರ ಸಣ್ಣ ಸಂಗತಿಯೆಂಬಂತೆ ಅಂದರು:

“ಬರೋವಾಗ ತಿರುಪತಿ ಮ್ಯಾಲ ಹಾದು ಬರತೀವಿ. ತುಂಗಾನ ಕೂದಲಿನ ಕೆಲಸಾನೂ ಅಲ್ಲೇ ಮುಗಿಸಿಬಿಡೋದು. ಮಠದವರು, ನೆಂಟರು ಸುಮ್ಮನ ಬಿಡವಲ್ಲರು. ಎಷ್ಟ ದಿನ ಅಂತ ತಡೀಲಿ?”

ಬಾಗಿಲಿನ ಹಿಂದೆ ಅಕ್ಕಿ ಆರಿಸುವ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

ಆ ವಾರ ನಾನು ಉಂಡದ್ದು, ಜಪ ಮಾಡಿದ್ದು ಯಾವುದೂ ನೆನಪಿಲ್ಲ. ಪಟ್ಟಣದ ಪರಿಚಯದವರು ಎರಡೂ ಪೇಟೆಗಳಲ್ಲಿ ಇಳಿಯಲು ಒಂದೊಂದು ಮನೆಯ ಅರ್ಧ ಭಾಗವನ್ನು ನೋಡಿಟ್ಟಿದ್ದರು. ಚಿಂತಾದ್ರಿಪೇಟೆಯ ಆ ಮನೆಯ ಓಣಿಯಲ್ಲೇ ಒಬ್ಬ ವಕೀಲರಿದ್ದರು. ಹಿಂದಿನ ವರ್ಷ ತಾವೇ ಮುಂದೆ ನಿಂತು, ಮಂತ್ರಪೂರ್ವಕವಾಗಿ, ಗಂಡ ಸತ್ತ ಹೆಣ್ಣುಮಗಳೊಬ್ಬಳ ಮರುಮದುವೆ ಮಾಡಿಸಿದ್ದರು. ಪರಿಚಯದವರು ಕಾಗದದಲ್ಲಿ ಅದನ್ನು ತಮಾಷೆಯಾಗಿ ಬರೆದಿದ್ದರು. ನಾನು ಆ ಕಾಗದವನ್ನು ಎಷ್ಟು ಸಲ ಓದಿದೆನೋ.

ಒಂದು ಮಧ್ಯಾಹ್ನ ರಾಯರು ಊಟ ಮಾಡಿ ತೂಗುಮಂಚದ ಮೇಲೆ ಒರಗಿದ್ದರು. ನಾನು ಬೇರೊಂದು ಸ್ಲೇಟಿನ ಮೇಲೆ ಬರೆದೆ:

‘ಚಿಂತಾದ್ರಿಪೇಟೆಯ ಓಣಿಯಲ್ಲಿ ವಿಧವೆಯರ ಮದುವೆ ಮಾಡಿಸುವ ವಕೀಲರಿದ್ದಾರೆ. ನಾನು ರಜೆಯಲ್ಲಿ ಪಟ್ಟಣಕ್ಕೆ ಬರುತ್ತೇನೆ. ನೀವು ಅಲ್ಲಿ ಇಳಿದಿದ್ದರೆ ನಿಮ್ಮ ಉತ್ತರ ಹೌದು ಎಂದು ತಿಳಿಯುತ್ತೇನೆ. ತಿರುವಲ್ಲಿಕ್ಕೇಣಿಯಲ್ಲಿ ಇಳಿದಿದ್ದರೆ ಇಲ್ಲ ಎಂದು. ಮತ್ತೆ ಒಂದು ಮಾತೂ ಕೇಳುವುದಿಲ್ಲ.’

ಸ್ಲೇಟು ಒಳಗೆ ಹೋಯಿತು. ಬಹಳ ಹೊತ್ತು ಬರಲಿಲ್ಲ. ಬಂದಾಗ ನನ್ನ ಅಕ್ಷರ ಪೂರ್ತಿ ಒರೆಸಿತ್ತು. ಆಕೆಯ ಅಕ್ಷರ ಸ್ವಲ್ಪ ಓರೆ.

‘ನಿಮ್ಮನ್ನು ಮಠದಿಂದ ಹೊರಗೆ ಹಾಕುತ್ತಾರೆ. ನಿಮ್ಮ ಮನೆಯ ನೀರು ಯಾರೂ ಮುಟ್ಟುವುದಿಲ್ಲ. ದೇವರ ಪೂಜೆ ಬಿಟ್ಟು ನೀವು ಬದುಕುವವರಲ್ಲ.’

‘ಪೂಜೆಯನ್ನು ಯಾರೂ ಬಿಡಿಸಲಾರರು,’ ಎಂದು ಬರೆದೆ. ಬಳಪ ಮುರಿಯಿತು.

ತೂಗುಮಂಚ ಕಿರ್ರೆಂದಿತು. “ಏನು ಬರಿಯಾಕ ಹತ್ತೀರಿ ಇಬ್ಬರೂ? ಬಳಪದ ಸಪ್ಪಳ ಕೇಳತೈತಿ.”

ನಾನು ಸ್ಲೇಟನ್ನು ಬೋರಲು ಹಾಕಿದೆ.

“ಬಾವಿ ಕಟ್ಟಿ ಎಷ್ಟ ಎತ್ತರ ಐತಿ ಅಂತ ಕೇಳಿದೆ ಅಣ್ಣಾ,” ಎಂದಳು ಆಕೆ. “ಬಗ್ಗಿದ್ರ ಒಳಗ ಬೀಳೋ ಹಂಗ ಐತೇನು ಅಂತ.”

“ಏನಂದ್ರು?”

“ಬೀಳ್ರಿ ಅಂದ್ರು.”

ರಾಯರು ಗಟ್ಟಿಯಾಗಿ ನಕ್ಕು ಮಗ್ಗುಲಾದರು. ಬಾಗಿಲಿನ ಸಂದಿಯಲ್ಲಿ ಆಕೆಯ ಕಣ್ಣು ಅರೆಕ್ಷಣ ಕಂಡಿತು. ನಗುತ್ತಿತ್ತು, ತುಂಬಿಕೊಂಡೂ ಇತ್ತು. ಅಷ್ಟು ದಿನದಲ್ಲಿ ನಾನು ಆಕೆಯನ್ನು ನೇರವಾಗಿ ನೋಡಿದ್ದು ಅದೊಂದೇ ಸಲ.

ಆ ಸಂಜೆಯೇ ರಾಯರು ಎರಡೂ ಮನೆಗಳ ವಿಳಾಸವನ್ನು ನನ್ನಿಂದ ಒಂದೇ ಕಾಗದದಲ್ಲಿ ಬರೆಸಿಕೊಂಡು ತಂಗಿಯ ಕೈಗೆ ಕೊಟ್ಟರು. “ಅಡಿಗಿ ಮಾಡಾಕಿ ನೀನು. ರೈಲು ಇಳಿದ ಮ್ಯಾಲ ನೀ ಹೇಳಿದ ಕಡಿಗೆ ಗಾಡಿ ಹೊಡಸತೀನಿ.”

ನಾನು ಬಳ್ಳಾರಿ ಸ್ಟೇಷನ್ನಿನವರೆಗೆ ಹೋಗಿ ಅವರನ್ನು ರೈಲು ಹತ್ತಿಸಿದೆ. ಗಾಡಿ ಅಲುಗಿದಾಗ ಕಿಟಕಿಯ ಹತ್ತಿರ ನಡೆಯುತ್ತ, “ಯಾವ ಪ್ಯಾಟಿ ಅಂತ ಗೊತ್ತಾತೇನ್ರಿ?” ಎಂದು ಕೇಳಿದೆ.

“ಒಂದು ಮಾತೂ ಕೇಳಂಗಿಲ್ಲ ಅಂತ ಬರಕೊಟ್ಟೋರು ಯಾರು?” ಎಂದಳು ಸೆರಗಿನ ಮರೆಯಿಂದ. “ಬಂದು ನೋಡ್ರಿ.”

*

ಅವರು ಹೋಗಿ ಎಂಟು ದಿನಕ್ಕೆ ನನ್ನ ರಜೆ ಶುರುವಾಯಿತು. ಒಂಬತ್ತನೆಯ ದಿನ ನಾನು ಚೆನ್ನಪಟ್ಟಣದಲ್ಲಿ ಇಳಿದೆ. ಸ್ನಾನ ಮಾಡಿ, ಆಹ್ನಿಕ ಮುಗಿಸಿ, ನಡೆದೇ ಚಿಂತಾದ್ರಿಪೇಟೆಗೆ ಹೋದೆ. ವೈಶಾಖದ ಬಿಸಿಲು. ಓಣಿಯ ಉದ್ದಕ್ಕೂ ಮಗ್ಗದ ಸದ್ದು. ಪ್ರತಿ ಮನೆಯ ಮುಂದೆ ಸಾರಿಸಿ ಹಾಕಿದ ಬಿಳಿ ರಂಗೋಲಿ.

ನಾನು ಹೇಳಿದ ಮನೆಯ ಮುಂದೆ ಮಾತ್ರ ರಂಗೋಲಿ ಇರಲಿಲ್ಲ. ನೀರು ಚಿಮುಕಿಸಿದ ಗುರುತೂ ಇಲ್ಲ. ಬಾಗಿಲು ಮುಂದಕ್ಕೆ ಹಾಕಿತ್ತು. ಯಾರೂ ಇಲ್ಲದ ಮನೆ ಎಂದುಕೊಂಡೆ.

ಎದುರುಮನೆಯ ಕಟ್ಟೆಯ ಮೇಲೆ ನೂಲು ಸುತ್ತುತ್ತಿದ್ದ ಮುದುಕಿ ನನ್ನನ್ನು ನೋಡಿ ತೆಲುಗಿನಲ್ಲಿ ಮಾತಾಡಿಸಿದಳು. “ಬಳ್ಳಾರಿವಾಳ್ಳ ಕೋಸಮಾ? ವಚ್ಚಾರು. ಗಂಟ ಕೂಡಾ ಉಂಡಲೇದು. ತಿರುವಲ್ಲಿಕ್ಕೇಣಿಕಿ ವೆಳ್ಳಿಪೋಯಾರು.”

ಬಳ್ಳಾರಿಯವರು ಬಂದಿದ್ದರು, ಒಂದು ಗಂಟೆಯೂ ನಿಲ್ಲದೆ ತಿರುವಲ್ಲಿಕ್ಕೇಣಿಗೆ ಹೊರಟುಹೋದರು. ಬಂದು, ಮನೆಯನ್ನು ನೋಡಿ, ಬೇಡವೆಂದು ಹೋಗಿದ್ದಾಳೆ. ಬಾಗಿಲವರೆಗೆ ಬಂದ ಮೇಲೆ ಧೈರ್ಯ ಸಾಲಲಿಲ್ಲ. ಹಾಗೆಂದು ನನಗೆ ಆ ಕ್ಷಣದಲ್ಲೇ ನಿಶ್ಚಯವಾಯಿತು. ಯಾಕೆ ಹೋದರು ಎಂದು ಮುದುಕಿಯನ್ನು ಕೇಳಬಹುದಾಗಿತ್ತು. ಕೇಳಲಿಲ್ಲ.

ಆದರೂ ಕಾಲು ತಿರುವಲ್ಲಿಕ್ಕೇಣಿಗೆ ಹೋಯಿತು. ದೇವಸ್ಥಾನದ ಮುಂದಿನ ಕೊಳದ ಮೆಟ್ಟಿಲಿನ ಮೇಲೆ, ಕಣ್ಣಿಗೆ ಬಟ್ಟೆ ಕಟ್ಟಿದ ರಾಯರು ಕೂತಿದ್ದರು. ತುಂಗಾಬಾಯಿ ನೀರಿನ ಹತ್ತಿರ ನಿಂತು, ಯಾರೋ ತಮಿಳು ಹೆಂಗಸಿನ ಜೊತೆ ಕೈಸನ್ನೆಯಲ್ಲಿ ಮಾತಾಡುತ್ತಿದ್ದಳು. ಆ ಹೆಂಗಸು ಏನೋ ಅಂದಳು. ಇವಳು ನಕ್ಕಳು. ಮೇಲುತುಟಿಯ ಮೇಲೆ ಬೆರಳಿಟ್ಟು ಮೀಸೆ ತಿರುವಿದ ಹಾಗೆ ಮಾಡಿ ಮತ್ತೆ ನಕ್ಕಳು.

ನಾನು ಮಂಟಪದ ಕಂಬದ ಹಿಂದೆ ನಿಂತು ನೋಡಿದೆ. ಇಷ್ಟು ಹಗುರಾಗಿ ನಗುವವಳಿಗೆ ನನ್ನ ಪ್ರಶ್ನೆ ಒಂದು ಭಾರವಾಗಿತ್ತು, ಅದನ್ನು ಇಳಿಸಿದ್ದಾಳೆ ಎಂದುಕೊಂಡೆ. ಇಪ್ಪತ್ತು ಹೆಜ್ಜೆ ದೂರ. ಕೊಟ್ಟ ಮಾತು ಕೊಟ್ಟದ್ದೇ ಎಂದು ದೇವರಿಗೆ ಕೈಮುಗಿದು ಹಿಂದಿರುಗಿದೆ. ಅದೇ ಸಂಜೆಯ ರೈಲು ಹತ್ತಿದೆ. ಪಕ್ಕದಲ್ಲಿ ಕೂತವರು ಯಾವ ಊರು ಎಂದು ಕೇಳಿದರು. ನನ್ನ ಊರಿನ ಹೆಸರು ಹೇಳಲು ಎರಡು ಸಲ ಬಾಯಿ ತೆರೆಯಬೇಕಾಯಿತು.

ಸಿರುಗುಪ್ಪದಲ್ಲಿ ಮತ್ತೆ ಆ ಬಾಗಿಲಿನ ಮುಂದೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಇನ್ಸ್‌ಪೆಕ್ಟರರಿಗೆ ಅರ್ಜಿ ಬರೆದು ಕುರುಗೋಡಿಗೆ ವರ್ಗ ಮಾಡಿಸಿಕೊಂಡೆ. ರಜೆ ಮುಗಿಯುವ ಮೊದಲೇ ಬಂದು ಸೇರಿದೆ.

ನಾಲ್ಕು ವರ್ಷದ ಮೇಲೆ ಒಮ್ಮೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಒಂದು ಕಮಾನು ಗಾಡಿ ನನ್ನ ಪಕ್ಕದಲ್ಲೇ ಹಾದುಹೋಯಿತು. ಒಳಗೆ ಕೆಂಪು ಮಡಿಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಹೊದ್ದ ಹೆಂಗಸು. ನನ್ನನ್ನು ನೋಡಿದಳು. ಸೆರಗನ್ನು ಮುಖದವರೆಗೆ ಎಳೆದುಕೊಂಡಳು. ನನ್ನ ಮೇಲಿನ ತಿರಸ್ಕಾರವೆಂದು ತಿಳಿದೆ. ಎರಡು ದಿನ ಅನ್ನ ಸೇರಲಿಲ್ಲ.

ಕುರುಗೋಡಿನಿಂದ ಸಿರುಗುಪ್ಪಕ್ಕೆ ಗಾಡಿಯಲ್ಲಿ ಒಂದು ಹಗಲಿನ ದಾರಿ. ಹದಿನೇಳು ವರ್ಷ ನಾನು ಆ ದಾರಿಯಲ್ಲಿ ಹೋಗಲಿಲ್ಲ.

*

ಹದಿಮೂರನೆಯ ದಿನಕ್ಕೆ ಹೋದೆ. ಸುಂಕಣ್ಣ ಎಂಬವನ ಗಾಡಿ. ತೆಕ್ಕಲಕೋಟೆ ದಾಟಿದ ಮೇಲೆ ಅವನು ಕೇಳಿದ.

“ದೂರದ ನೆಂಟರೇನ್ರಿ ಸತ್ತೋರು?”

“ಬಾಳ ದೂರ,” ಎಂದೆ.

“ಮತ್ತ ಕಣ್ಣು ಹಿಂಗ್ಯಾಕ ಕೆಂಪಗಾಗ್ಯಾವು? ದೂಳು ಬಾಳ ಐತಿ. ಈ ವಸ್ತ್ರ ಕಟ್ಟಿಕೋರಿ.” ತನ್ನ ಹೆಗಲ ಮೇಲಿನದನ್ನೇ ಕೊಡಲು ಬಂದ. ನನ್ನ ಮಡಿಯ ನೆನಪಾಗಿ ಕೈ ಹಿಂದೆಗೆದ. ನಾನೇ ಕೇಳಿ ಇಸಿದುಕೊಂಡೆ.

ಗುರುರಾಜರಾಯರಿಗೆ ವಯಸ್ಸಾಗಿತ್ತು, ಕಣ್ಣು ಮಾತ್ರ ಚೆನ್ನಾಗಿತ್ತು. ತುಂಗಾಬಾಯಿಯ ಗಂಡನ ಕಡೆಯ ದಾಯಾದಿಯೊಬ್ಬರು ಬಂದು ಕರ್ಮ ಮಾಡಿದ್ದರು. ಊಟದ ಪಂಕ್ತಿ ಎದ್ದ ಮೇಲೆ ನಾವಿಬ್ಬರೂ ಪಡಸಾಲೆಯಲ್ಲಿ ಉಳಿದೆವು.

“ನೀವು ನಮ್ಮನ್ನ ಯಾಕ ಮರತ್ರಿ ಮೇಷ್ಟ್ರ? ಪಟ್ಟಣದಿಂದ ಬಂದ್ರ ನೀವು ಊರಾಗಿಲ್ಲ. ನಿಮ್ಮ ಚಿಂತಾದ್ರಿಪ್ಯಾಟಿ ಮನಿ ಬಾಳ ಚಲೋ ಇತ್ತು ಅಂತ ಹೇಳಬೇಕಂದಿದ್ದೆ.”

ನಾನು ತಲೆಯೆತ್ತಿದೆ. “ನೀವು ಇಳಿದಿದ್ದು ತಿರುವಲ್ಲಿಕ್ಕೇಣ್ಯಾಗ ಅಲ್ಲೇನ್ರಿ?”

“ಅದು ಹತ್ತ ದಿನ ಅಷ್ಟ. ರೈಲು ಇಳಿದ ಕೂಡಲೆ ತುಂಗಾ ಚಿಂತಾದ್ರಿಪ್ಯಾಟಿ ಅಂದ್ಲು. ಬ್ಯಾರೆ ಮಾತ ಇಲ್ಲ. ಹೋದ್ರ ಆ ಮನಿಯವರಿಗೆ ಅವತ್ತ ಬೆಳಿಗ್ಗೆ ದಾಯಾದಿ ಸತ್ತ ತಂತಿ ಬಂದಿತ್ತು. ಹತ್ತು ದಿವಸ ಸೂತಕ. ಆ ಮನಿ ನೀರು ಮುಟ್ಟೋದು ಹೆಂಗ? ಹೊಸ್ತಲ ದಾಟಲಿಲ್ಲ. ಗಾಡಿ ತಿರಗಿಸಿದ್ವಿ.”

ರಂಗೋಲಿ ಇಲ್ಲದ ಆ ಹೊಸ್ತಿಲು ನನ್ನ ಕಣ್ಣಿಗೆ ಕಟ್ಟಿತು. ಸೂತಕದ ಮನೆಯ ಮುಂದೆ ರಂಗೋಲಿ ಹಾಕುವುದಿಲ್ಲ. ಊರಿಗೆಲ್ಲ ಸೂತಕದ ಲೆಕ್ಕ ಹೇಳುವವನು ನಾನು. ಅದರ ಮುಂದೆಯೇ ನಿಂತು, ಬಿಟ್ಟುಹೋದ ಮನೆಯೆಂದು ಓದಿಕೊಂಡಿದ್ದೆ.

“ಹನ್ನೊಂದನೇ ದಿನ ಅವರ ಮನಿ ಶುದ್ಧಿ ಆತು. ಅವತ್ತ ಬೆಳಿಗ್ಗೇನ ಆಕಿ ಪಾತ್ರಿ ಕಟ್ಟಿಟ್ಟಿದ್ಲು. ನಾ ಬ್ಯಾಡ ಅಂದೆ, ಇಲ್ಲೇ ದೇವರು ಹತ್ತರ ಅದಾನ ಅಂದೆ. ಕೇಳಲಿಲ್ಲ. ಮುಂದ ನಲವತ್ತು ದಿವಸ ಅಲ್ಲೇ ಇದ್ವಿ. ನನ್ನ ಕಣ್ಣಿನ ಬಟ್ಟಿ ಬಿಚ್ಚಿದ ಮ್ಯಾಲ ನೋಡತೀನಿ, ದಿನಾ ಸಂಜಿ ಮುಂದ ಬಾಗಿಲದಾಗ ನಿಂತಿರತಿದ್ಲು. ಯಾರ ದಾರಿ ನೋಡತೀ ಅಂದ್ರ, ಗಾಳಿಗೆ ನಿಂತೀನಿ ಅಣ್ಣಾ ಅಂತಿದ್ಲು. ಆ ಓಣ್ಯಾಗ ಗಾಳಿ ಎಲ್ಲಿ ಬರತಿತ್ತು ಮೇಷ್ಟ್ರ? ಉಸಿರು ಕಟ್ಟತಿತ್ತು.”

ನಾನು ಹೇಳಿದೆ. ಸ್ಲೇಟಿನ ಮಾತು, ವಕೀಲರ ಮಾತು, ಕೊಳದ ಕಂಬದ ಮರೆ, ಸಂಜೆಯ ರೈಲು. ಏನನ್ನೂ ಮುಚ್ಚಿಡಲಿಲ್ಲ. ಹೇಳುವಾಗ ನೆಲ ನೋಡುತ್ತಿದ್ದೆ.

“ಆವಾಗ ತಿಳಿದಿದ್ರ ನಿಮ್ಮನ್ನ ಹೊಸ್ತಲ ತುಳಿಯಾಕ ಬಿಡತಿರಲಿಲ್ಲ,” ಎಂದರು ರಾಯರು.

“ಗೊತ್ತೈತಿ.”

“ತಿರುಪತ್ಯಾಗ ಕ್ಷೌರದವನು ಬಂದು ಕುಂತ. ನೀ ಬ್ಯಾಡ ಅಂದ್ರ ಇವತ್ತೂ ತಡೀತೀನಿ ಅಂದೆ ಆಕಿಗೆ. ಇನ್ನ ಯಾರಿಗೆ ಅಣ್ಣಾ, ಅಂದು ತಲಿ ಬಗ್ಗಿಸಿದ್ಲು. ದೇವರ ಮಾತು ಅಂತ ತಿಳದಿದ್ದೆ.” ನನ್ನ ಕಡೆ ತಿರುಗಿ, ಮಗುವನ್ನು ಗದರಿಸುವ ಹಾಗೆ ಕೇಳಿದರು: “ಇನ್ನೆರಡ ದಿನ ಇರಾಕ ಏನಾಗಿತ್ತರೀ ನಿಮಗ?”

ಒಂದು ಮಾತೂ ಕೇಳುವುದಿಲ್ಲ ಎಂದು ಬರೆದುಕೊಟ್ಟಾಗ ಅದು ಆಕೆಗೆ ತೋರಿಸುವ ಮರ್ಯಾದೆ ಎಂದುಕೊಂಡಿದ್ದೆ. ಆಕೆ ಇಲ್ಲವೆಂದರೆ ಅದನ್ನು ಬಾಯಿಂದ ಕೇಳುವ ಭಯ ನನಗಿತ್ತು. ಮರ್ಯಾದೆಯ ಹೆಸರಿನಲ್ಲಿ ನಾನು ಓಡಿಬಂದಿದ್ದೆ. ಆಕೆ ಬಾಗಿಲಿನಲ್ಲಿ ನಿಂತಿದ್ದಳು.

ರಾಯರು ನನ್ನನ್ನು ಹೋಗೆನ್ನಲಿಲ್ಲ. ಕತ್ತಲಾಗುವ ಮೊದಲು ತಾವೇ ಎದ್ದು ನನ್ನ ಹಾಸಿಗೆಯನ್ನು ಪಡಸಾಲೆಯಲ್ಲಿ ಹಾಸಿ, “ಇವತ್ತ ಇಲ್ಲೇ ಇರ್ರಿ” ಎಂದರು.

ಬೆಳಿಗ್ಗೆ ಒಬ್ಬನೇ ಹೊಳೆಗೆ ಹೋದೆ. ಮಾರ್ಗಶಿರದ ತುಂಗಭದ್ರೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಸಂಧ್ಯಾವಂದನೆ ಮುಗಿಸಿ ಎದ್ದವನು ಮತ್ತೆ ಕೂತೆ. ಆಕೆಯ ಸಲುವಾಗಿ ಹೇಳಲು ನನಗೆ ಯಾವ ಮಂತ್ರವೂ ಸಲ್ಲುವುದಿಲ್ಲ. ಅದಕ್ಕೆ ಬರೀ ಮಾತಿನಲ್ಲಿ ಕೇಳಿದೆ.

ಸ್ವಾಮಿ ಶ್ರೀಹರಿ, ತುಂಗಾ ನಿನ್ನ ಹತ್ತಿರ ಬಂದಿದ್ದಾಳೆ. ನಲವತ್ತೇಳು ವರ್ಷದ ಬದುಕಿನಲ್ಲಿ ತನಗಾಗಿ ಆಕೆ ಆರಿಸಿಕೊಂಡದ್ದು ಒಂದೇ. ಅದೂ ದಕ್ಕದೆ ಹೋದದ್ದು ನನ್ನ ತಪ್ಪಿನಿಂದ, ಆಕೆಯ ಕರ್ಮದಿಂದಲ್ಲ. ಅದರ ಫಲ ಏನಿದ್ದರೂ ನನಗಿರಲಿ. ಮುಂದಿನ ಜನ್ಮದಲ್ಲಿ ಆಕೆಯನ್ನು ನನಗೆ ಕೊಡು ಎಂದು ನಾನು ಕೇಳುವುದಿಲ್ಲ. ಕೇಳುವ ಯೋಗ್ಯತೆ ಇಲ್ಲ. ಆಕೆಗೆ ನಗು ಬಹಳ ಇಷ್ಟ, ಅದನ್ನು ಕಸಿಯಬೇಡ. ಇನ್ನು ಯಾರ ದಾರಿಯನ್ನೂ ಆಕೆ ಕಾಯುವಂತೆ ಮಾಡಬೇಡ. ಬಹಳ ಹೊತ್ತು ನಿಂತಿದ್ದಾಳೆ, ತಂದೆ. ನಿನ್ನ ಪಾದದ ಹತ್ತಿರ ಕೂರಿಸಿಕೊ. ಆ ಜೀವಕ್ಕೆ ಶಾಂತಿ ಕೊಡು.